ತೂಕ ಇಳಿಯಿತು, ಆಮೇಲೆ?

ಬೇಗ ಬೇಗ ತೂಕ ಇಳಿಸಿದ ಕೆಲವರಿಗೆ ಒಂದು ವಿಚಿತ್ರ ತೊಂದರೆ ಬರುತ್ತದೆ. ಕಾಲ ಮೇಲೆ ಕಾಲು ಹಾಕಿಕೊಂಡು ಒಂದಷ್ಟು ಹೊತ್ತು ಕೂತು ಎದ್ದರೆ, ಪಾದದ ಮುಂಭಾಗ ಮೇಲೇಳುವುದೇ ಇಲ್ಲ. ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತದೆ. ಜೋಮು ಹಿಡಿದಿರಬೇಕು ಎಂದು ಸುಮ್ಮನಾದರೆ ವಾರ ಕಳೆದರೂ ಹಾಗೇ ಇರುತ್ತದೆ. ಕಾರಣ ಇಷ್ಟೇ: ಮಂಡಿಯ ಹೊರಬದಿಯಲ್ಲಿ, ಚರ್ಮದ ಕೆಳಗೇ ಒಂದು ನರ ಮೂಳೆಯನ್ನು ಬಳಸಿಕೊಂಡು ಹೋಗುತ್ತದೆ. ಅದರ ಸುತ್ತ ಇದ್ದ ಕೊಬ್ಬು ಕರಗಿದ ಮೇಲೆ ಅದಕ್ಕೆ ರಕ್ಷಣೆ ಇಲ್ಲ. ಕಾಲಿನ ಮೇಲೆ ಕಾಲು ಬಿದ್ದಾಗ ನರ ನೇರವಾಗಿ ಮೂಳೆಗೆ ಒತ್ತಿಕೊಳ್ಳುತ್ತದೆ.

ಇನ್ನು ಕೆಲವರಿಗೆ ತಮ್ಮದೇ ದನಿ, ತಮ್ಮದೇ ಉಸಿರು ಕಿವಿಯೊಳಗೆ ಜೋರಾಗಿ ಕೇಳಲು ಶುರುವಾಗುತ್ತದೆ. ಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಸಾಮಾನ್ಯವಾಗಿ ಅದು ಮುಚ್ಚಿಕೊಂಡಿದ್ದು, ನುಂಗುವಾಗ, ಆಕಳಿಸುವಾಗ ಮಾತ್ರ ತೆರೆಯುತ್ತದೆ. ಅದನ್ನು ಮುಚ್ಚಿಡುವ ಕೆಲಸದಲ್ಲಿ ಸುತ್ತಲಿನ ಕೊಬ್ಬಿಗೂ ಪಾಲಿದೆ. ಆ ಕೊಬ್ಬು ಹೋದರೆ ಕೊಳವೆ ತೆರೆದೇ ಉಳಿಯಬಹುದು.

ಇವೆರಡೂ ಅಪರೂಪ. ಹೆದರಿಸಲು ಹೇಳುತ್ತಿಲ್ಲ. ಕೊಬ್ಬು ಎಂದರೆ ಸುಮ್ನೆ ಹೊತ್ತು ತಿರುಗುವ ಭಾರ, ಇಳಿಸಿ ಪಕ್ಕಕ್ಕಿಟ್ಟರೆ ಆಯಿತು ಎಂದುಕೊಂಡಿರುತ್ತೇವೆ, ಅಲ್ವಾ? ಹಾಗಿಲ್ಲ. ಅದು ನರಗಳಿಗೆ, ಅಂಗಗಳಿಗೆ ಮೆತ್ತೆ. ದೇಹಕ್ಕೆ ಬೆಚ್ಚಗಿನ ಹೊದಿಕೆ. ಜೊತೆಗೆ ಹಾರ್ಮೋನು ತಯಾರಿಸುವ ಅಂಗವೂ ಹೌದು. ಅದು ಕಡಿಮೆಯಾದಾಗ ದೇಹದ ಮೂಲೆಮೂಲೆಗೂ ಸುದ್ದಿ ಹೋಗುತ್ತದೆ. ಅದಕ್ಕೆ ದೇಹ ಕೊಡುವ ಉತ್ತರ ಕೆಲವು ತಿಂಗಳಲ್ಲಿ ಮುಗಿಯಬಹುದು, ವರ್ಷಗಟ್ಟಲೆ ನಡೆಯಲೂಬಹುದು.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ಜಾಸ್ತಿ ತೂಕ ಇರುವವರು ಶೇಕಡಾ 5ರಿಂದ 10ರಷ್ಟು ಇಳಿಸಿದರೂ ರಕ್ತದೊತ್ತಡ, ಸಕ್ಕರೆ, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಎಲ್ಲಕ್ಕೂ ಒಳ್ಳೆಯದು. ಇದರಲ್ಲಿ ಅನುಮಾನವಿಲ್ಲ. ನನ್ನ ತಕರಾರು ಬೇರೆ. ಹೇಗೆ ಇಳಿಸಬೇಕು ಎಂದು ಹೇಳುವವರು ಸಾವಿರ ಜನ. ಇಳಿದ ಮೇಲಿನ ಐದು ವರ್ಷ ಹೇಗಿರುತ್ತದೆ ಎಂದು ಹೇಳುವವರು ತೀರಾ ಕಡಿಮೆ. ಆಪರೇಷನ್‌ಗೆ ಮುಂಚೆ ಅಪಾಯಗಳನ್ನೆಲ್ಲ ವಿವರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ತೂಕ ಇಳಿಸುವ ವಿಷಯ ಬಂದಾಗ ಮಾತ್ರ ಎರಡು ಫೋಟೊ ತೋರಿಸಿ ಕಳಿಸಿಬಿಡುತ್ತಾರೆ.

ಹಸಿವಿನ ಲೆಕ್ಕ

ಇಳಿದ ತೂಕ ಮರಳಿ ಬಂದರೆ "ಮನಸ್ಸು ಗಟ್ಟಿ ಇಲ್ಲ" ಎನ್ನುತ್ತಾರೆ. ಈ ಮಾತನ್ನು ಒಪ್ಪುವ ಮುಂಚೆ ದೇಹದೊಳಗೆ ಏನಾಗುತ್ತದೆ ಎಂದು ನೋಡಬೇಕು.

ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನು ಬಿಡುತ್ತವೆ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಪತ್ತೆ ಮಾಡಿತು. "ದಾಸ್ತಾನು ಸಾಕಷ್ಟಿದೆ" ಎಂದು ಮೆದುಳಿಗೆ ಹೇಳುವುದು ಇದರ ಕೆಲಸ. ಕೊಬ್ಬು ಕಡಿಮೆಯಾದರೆ ಲೆಪ್ಟಿನ್ ಇಳಿಯುತ್ತದೆ. ನೀವು ಬೇಕೆಂದೇ ತೂಕ ಇಳಿಸಿದ್ದೀರಿ ಎಂದು ಮೆದುಳಿಗೆ ಗೊತ್ತಿಲ್ಲ. ಅದರ ಪಾಲಿಗೆ ಇದು ಬರಗಾಲ. ಇನ್ನೊಂದು ಕಡೆ, ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರುತ್ತದೆ.

ಇದು ಡಯಟ್ ಮಾಡುವ ದಿನಗಳಿಗೆ ಮಾತ್ರ ಸೀಮಿತವಾಗಿದ್ದರೆ ಪರವಾಗಿರಲಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು 10 ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರದಲ್ಲಿಟ್ಟು ನೋಡಿದರು. 2011ರಲ್ಲಿ ಫಲಿತಾಂಶ ಬಂತು. ಡಯಟ್ ಮುಗಿದು ಒಂದು ವರ್ಷವಾದ ಮೇಲೂ ಲೆಪ್ಟಿನ್ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ, ಗ್ರೆಲಿನ್ ಕೆಳಗಿಳಿದಿರಲಿಲ್ಲ. ಅಷ್ಟರಲ್ಲಿ ಅವರ ತೂಕ ಸ್ವಲ್ಪ ಮರಳಿಯೂ ಇತ್ತು. ಆದರೂ ಡಯಟ್‌ಗೆ ಮುಂಚಿಗಿಂತ ಹಸಿವು ಜಾಸ್ತಿಯೇ ಇತ್ತು.

ಈ ಹಸಿವು ಎಷ್ಟು ಬಲವಾದದ್ದು? ಅದನ್ನು ಅಳೆಯುವುದು ಕಷ್ಟ. ತಾವು ತೂಕ ಇಳಿಸುತ್ತಿದ್ದೇವೆ ಎಂದು ಗೊತ್ತಿದ್ದವರು ತಮ್ಮನ್ನು ತಾವೇ ತಡೆದುಕೊಳ್ಳುತ್ತಾರಲ್ಲ. ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಜೊತೆಗಾರರು ಇದಕ್ಕೊಂದು ಜಾಣ ದಾರಿ ಹುಡುಕಿದರು. ಮಧುಮೇಹದ ಒಂದು ಮಾತ್ರೆ ದೇಹದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದನ್ನು ತೆಗೆದುಕೊಂಡವರಿಗೆ ದಿನಕ್ಕೆ ಸುಮಾರು 360 ಕ್ಯಾಲೊರಿ ಹೀಗೆ ಸೋರಿಹೋಗುತ್ತಿತ್ತು. ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಲೆಕ್ಕದಲ್ಲಿ ತೂಕ ಇಳಿಯುತ್ತಲೇ ಇರಬೇಕಿತ್ತು. ಇಳಿದದ್ದು ಕೆಲವೇ ಕಿಲೊ, ಆಮೇಲೆ ನಿಂತಿತು. ಅವರು ತಮಗೇ ಅರಿವಿಲ್ಲದೆ ಜಾಸ್ತಿ ತಿನ್ನುತ್ತಿದ್ದರು. 2016ರಲ್ಲಿ ಬಂದ ಆ ಲೆಕ್ಕಾಚಾರದ ಪ್ರಕಾರ, ಇಳಿದ ಪ್ರತಿ ಕಿಲೊಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ದೇಹ ಸುಡುವ ಕ್ಯಾಲೊರಿ ಪ್ರತಿ ಕಿಲೊಗೆ 20ರಿಂದ 30 ಇಳಿಯುತ್ತದೆ. ಅಂದರೆ 10 ಕಿಲೊ ಇಳಿಸಿದವರಿಗೆ ಖರ್ಚು 200–300 ಕಡಿಮೆ, ತಿನ್ನಬೇಕೆನಿಸುವುದು ಸುಮಾರು 1,000 ಜಾಸ್ತಿ. ಈ ಎಳೆತವನ್ನು ಒಂದು ವಾರ ತಡೆಯಬಹುದು. ಪ್ರತಿ ದಿನ, ವರ್ಷಗಟ್ಟಲೆ ತಡೆಯುವುದು ಬೇರೆಯೇ ಮಾತು.

ಮೆಟಬಾಲಿಸಂ, ಅಂದರೆ ದೇಹ ಕ್ಯಾಲೊರಿ ಸುಡುವ ವಿಷಯಕ್ಕೆ ಬಂದರೆ ಎಲ್ಲರೂ ಎತ್ತುವ ಉದಾಹರಣೆ ತೂಕ ಇಳಿಸುವ ಒಂದು ಅಮೆರಿಕನ್ ಟಿವಿ ಸ್ಪರ್ಧೆಯದು. ಅದರಲ್ಲಿ ಭಾಗವಹಿಸಿದ 14 ಜನ ಸರಾಸರಿ 58 ಕಿಲೊ ಇಳಿಸಿದ್ದರು. ಇದೇ ಹಾಲ್ ತಂಡ 6 ವರ್ಷದ ಮೇಲೆ ಅವರನ್ನು ಮತ್ತೆ ಪರೀಕ್ಷೆ ಮಾಡಿತು. ಸರಾಸರಿ 41 ಕಿಲೊ ಮರಳಿತ್ತು. ಅವರ ಈಗಿನ ಮೈತೂಕಕ್ಕೆ ಎಷ್ಟು ಕ್ಯಾಲೊರಿ ಖರ್ಚಾಗಬೇಕೋ ಅದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಖರ್ಚಾಗುತ್ತಿತ್ತು. ತೂಕ ವಾಪಸ್ ಬಂದರೂ ಮೆಟಬಾಲಿಸಂ ವಾಪಸ್ ಬಂದಿರಲಿಲ್ಲ.

ಈ ಅಂಕಿ ಕೇಳಿ ಎಷ್ಟೋ ಜನ ಕೈಚೆಲ್ಲಿದ್ದಾರೆ. ಹಾಗೆ ಮಾಡಬೇಕಿಲ್ಲ. ಆ ಸ್ಪರ್ಧಿಗಳು ಇಳಿಸಿದ ರೀತಿ ತೀರಾ ಅತಿ: ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ, ಜೊತೆಗೆ ಕಡಿಮೆ ಊಟ. ಸಾಮಾನ್ಯ ರೀತಿಯಲ್ಲಿ ಇಳಿಸಿದವರನ್ನು, ತೂಕ ಒಂದು ಕಡೆ ನಿಂತ ಮೇಲೆ ಅಳೆದ ಅಧ್ಯಯನಗಳಲ್ಲಿ ಈ ಕುಸಿತ ಇದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ ಕಂಡಿದೆ. ನನ್ನ ಪ್ರಕಾರ ಮೆಟಬಾಲಿಸಂಗೆ ಸಿಕ್ಕ ಪ್ರಚಾರ ಜಾಸ್ತಿ, ಹಸಿವಿಗೆ ಸಿಕ್ಕ ಗಮನ ಕಡಿಮೆ. ನಿಜವಾದ ಎದುರಾಳಿ ಎರಡನೆಯದು.

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎಂಬುದು 1945ರಲ್ಲೇ ಕಂಡಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಅವರು ಸೈನ್ಯಕ್ಕೆ ಸೇರಲು ಒಪ್ಪದೆ, ಬದಲಿಗೆ ತಾವಾಗಿಯೇ ಈ ಪ್ರಯೋಗಕ್ಕೆ ಬಂದವರು. ಮೈತೂಕದ ಕಾಲು ಭಾಗ ಹೋಯಿತು. ಬೇಸಿಗೆಯಲ್ಲೂ ಚಳಿ. ಸಿಡುಕು, ಮಂಕು. ಕನಸಿನಲ್ಲೂ ಊಟ. ಅಡುಗೆಯಲ್ಲಿ ಆಸಕ್ತಿಯೇ ಇಲ್ಲದಿದ್ದ ಕೆಲವರು ಅಡುಗೆ ಪುಸ್ತಕ ಕೂಡಿಟ್ಟುಕೊಂಡು ಓದತೊಡಗಿದರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟಾಗ ಎಷ್ಟು ತಿಂದರೂ ಹಸಿವು ಇಂಗಲಿಲ್ಲ. ಮೈಯ ಕೊಬ್ಬು ಮೊದಲಿದ್ದಕ್ಕಿಂತ ಜಾಸ್ತಿಯಾಯಿತು. ಅವರು ದಪ್ಪಗಿದ್ದವರಲ್ಲ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ. ಆದರೆ ಡಯಟ್ ಮಾಡುತ್ತಾ ದಿನವಿಡೀ ಊಟದ ವಿಡಿಯೊ ನೋಡುವವರಿಗೆ ಇದು ಅಪರಿಚಿತ ಕಥೆ ಅನಿಸಲಾರದು.

ಕೊಬ್ಬಿನ ಕೋಶಗಳದ್ದೂ ಒಂದು ತಂಟೆ ಇದೆ. ತೂಕ ಇಳಿದಾಗ ಅವು ಸಾಯುವುದಿಲ್ಲ, ಕುಗ್ಗುತ್ತವೆ ಅಷ್ಟೇ. ಖಾಲಿ ಮಾಡಿ ಮಡಿಚಿಟ್ಟ ಚೀಲಗಳ ಹಾಗೆ ಅಲ್ಲೇ ಇರುತ್ತವೆ. ಸ್ವೀಡನ್ನಿನ ಕರೋಲಿನ್‌ಸ್ಕ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಇದನ್ನು ತೋರಿಸಿದರು. ಹಳೆಯ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಕೋಶದೊಳಗೆ ಎಷ್ಟಿದೆ ಎಂದು ಅಳೆದು, ಕೋಶಗಳ ವಯಸ್ಸು ಲೆಕ್ಕ ಹಾಕಿದರು. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಕೊಬ್ಬಿನ ಕೋಶ ಹೋಗಿ ಅಷ್ಟೇ ಹೊಸದು ಬರುತ್ತದೆ. ಒಟ್ಟು ಸಂಖ್ಯೆ ಬದಲಾಗುವುದಿಲ್ಲ, ಆಪರೇಷನ್ ಮಾಡಿಸಿಕೊಂಡು ಬಹಳ ತೂಕ ಕಳೆದುಕೊಂಡವರಲ್ಲೂ. 2024ರಲ್ಲಿ ಜ್ಯೂರಿಕ್‌ನಿಂದ ಬಂದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತೂಕ ಇಳಿದ ಮೇಲೂ ಈ ಕೋಶಗಳಲ್ಲಿ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಗುರುತುಗಳು ದಪ್ಪಗಿದ್ದ ಕಾಲದವೇ ಉಳಿದಿದ್ದವು. ಒಮ್ಮೆ ದಪ್ಪಗಿದ್ದು ತೆಳ್ಳಗಾದ ಇಲಿಗಳಿಗೆ ಮತ್ತೆ ಕೊಬ್ಬಿನ ಆಹಾರ ಕೊಟ್ಟರೆ, ಯಾವತ್ತೂ ದಪ್ಪಗಿರದ ಇಲಿಗಳಿಗಿಂತ ಬೇಗ ದಪ್ಪಗಾದವು.

ಹೋಗುವುದು ಕೊಬ್ಬು ಮಾತ್ರವಲ್ಲ

ತೂಕದ ಯಂತ್ರ ಒಂದೇ ಸಂಖ್ಯೆ ತೋರಿಸುತ್ತದೆ. ಅದರಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು, ನೀರು ಎಷ್ಟು ಎಂದು ಹೇಳುವುದಿಲ್ಲ. ಸಾಮಾನ್ಯವಾಗಿ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಭಾಗ. ಸ್ನಾಯು ಅದರಲ್ಲೇ ಬರುತ್ತದೆ. ವ್ಯಾಯಾಮವಿಲ್ಲದೆ, ಪ್ರೋಟೀನ್ ಕಡಿಮೆ ತಿಂದು ಬೇಗ ಇಳಿಸಿದರೆ ಇನ್ನೂ ಜಾಸ್ತಿ.

ಇಲ್ಲಿ ನಿಜವಾದ ಪೆಟ್ಟು ಬೀಳುವುದು ತೂಕ ಮರಳಿದಾಗ, ಅದರಲ್ಲೂ ವಯಸ್ಸಾದವರಿಗೆ. ಹೋಗುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಬರುವಾಗ ಬಹುಪಾಲು ಕೊಬ್ಬೇ ಬರುತ್ತದೆ. ಯಂತ್ರದ ಮೇಲೆ ಅದೇ ಹಳೆಯ ಸಂಖ್ಯೆ, ಆದರೆ ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು ಶಕ್ತಿ ಕಡಿಮೆ. ಎರಡು ಮೂರು ಸಲ ಹೀಗೆ ಇಳಿದು ಏರಿದರೆ, 65 ದಾಟಿದವರಿಗೆ ಅದು ಸಣ್ಣ ವಿಷಯವಲ್ಲ. ಮೂಳೆಗೂ ಇದೇ ಪಾಡು. ಹೊರುವ ಭಾರ ಕಡಿಮೆಯಾದಾಗ ಮೂಳೆ ತೆಳುವಾಗುತ್ತದೆ. ತೂಕ ಮರಳಿದರೂ ಹೋದ ಮೂಳೆ ಪೂರ್ತಿ ಮರಳುವುದಿಲ್ಲ. ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಅಡ್ಡದಾರಿ ಹಾಕುವ ಆಪರೇಷನ್ ಆದವರಲ್ಲಿ ಮೂಳೆ ಮುರಿತ ಜಾಸ್ತಿ ಎಂದು ಕಂಡುಬಂದಿದೆ.

ಇದಕ್ಕೆ ಮದ್ದು ಗೊತ್ತಿದೆ: ಭಾರ ಎತ್ತುವಂಥ ವ್ಯಾಯಾಮ, ಸಾಕಷ್ಟು ಪ್ರೋಟೀನ್. ಬರೀ ನಡಿಗೆ ಸಾಲದು. ತೂಕ ಇಳಿಸುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಬೇಕಾದ ಮಾತಿದು.

ಇನ್ನು ಕೆಲವು ತೊಂದರೆ ತಾತ್ಕಾಲಿಕ. ಬೇಗ ಇಳಿಸಿದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಆರು ತಿಂಗಳ ಆಸುಪಾಸಿನಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಚಳಿ ಜಾಸ್ತಿ ಅನಿಸುತ್ತದೆ. ಗಟ್ಟಿ ಕುರ್ಚಿಯಲ್ಲಿ ಕೂತರೆ ಬೆನ್ನಿನ ಕೆಳತುದಿಯ ಮೂಳೆ ನೋಯುತ್ತದೆ. ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇದ್ದವರಿಗೆ ಶುರುವಿನಲ್ಲಿ ಅದು ಒಮ್ಮೆ ಕೆರಳಬಹುದು. ತೂಕ ಇಳಿಸಿದರೆ ಗೌಟ್ ಕಡಿಮೆಯಾಗುತ್ತದೆ ಎಂದು ಕೇಳಿಕೊಂಡು ಬಂದವರಿಗೆ ಇದು ದೊಡ್ಡ ಗೊಂದಲ. ಪಿತ್ತಕೋಶದ ಕಲ್ಲು ಮಾತ್ರ ಗಂಭೀರ. ಕೊಬ್ಬು ವೇಗವಾಗಿ ಕರಗುವಾಗ ಯಕೃತ್ತು ಪಿತ್ತರಸಕ್ಕೆ ಜಾಸ್ತಿ ಕೊಲೆಸ್ಟರಾಲ್ ಸುರಿಯುತ್ತದೆ. ಊಟ ಕಡಿಮೆಯಾದ್ದರಿಂದ ಪಿತ್ತಕೋಶ ಸರಿಯಾಗಿ ಖಾಲಿಯಾಗುವುದಿಲ್ಲ. ನಿಂತ ರಸ ಹರಳುಗಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೊಗಿಂತ ಜಾಸ್ತಿ ಇಳಿಸುವವರಿಗೆ ಈ ಅಪಾಯ ಏರುತ್ತದೆ. ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಜೋರು ನೋವು ಬಂದರೆ ಗ್ಯಾಸ್ ಎಂದು ಬಿಡಬಾರದು.

ಅದಕ್ಕಿಂತ ಮುಖ್ಯವಾದದ್ದು ಔಷಧದ ಪ್ರಮಾಣ. ಹಳೆಯ ತೂಕಕ್ಕೆ ಬರೆದ ಬಿಪಿ ಮಾತ್ರೆ ಹೊಸ ತೂಕಕ್ಕೆ ಜಾಸ್ತಿಯಾಗಿ, ಎದ್ದು ನಿಂತಾಗ ತಲೆ ಸುತ್ತಬಹುದು. ಇನ್ಸುಲಿನ್, ಕೆಲವು ಮಧುಮೇಹದ ಮಾತ್ರೆಗಳಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಥೈರಾಯ್ಡ್ ಮಾತ್ರೆಯನ್ನೂ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಹೆಂಗಸರ ಮುಟ್ಟು ತಪ್ಪಬಹುದು, ಅಥವಾ ತದ್ವಿರುದ್ಧವಾಗಿ, ವರ್ಷಗಳಿಂದ ಏರುಪೇರಾಗಿದ್ದ ಮುಟ್ಟು ಸರಿಹೋಗಿ ನಿರೀಕ್ಷೆ ಇಲ್ಲದೆ ಗರ್ಭ ನಿಲ್ಲಬಹುದು. ತೂಕ ಇಳಿಸಲು ಕೊಡುವ ಟಿರ್ಜೆಪಟೈಡ್ ಇಂಜೆಕ್ಷನ್ ಶುರು ಮಾಡಿದವರಿಗೆ, ಡೋಸ್ ಏರಿಸಿದವರಿಗೆ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯನ್ನೊಂದೇ ನಂಬಬೇಡಿ ಎಂದು ಔಷಧದ ಸೂಚನೆಯಲ್ಲೇ ಇದೆ.

ಚರ್ಮದ ಬಗ್ಗೆ ಜನ ಮಾತಾಡಲು ನಾಚುತ್ತಾರೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಅದನ್ನು ಬಿಗಿಯಾಗಿಡುವ ಎಳೆಗಳು ಹಾಳಾಗಿರುತ್ತವೆ. 40–50 ಕಿಲೊ ಇಳಿದರೆ ಹೊಟ್ಟೆ, ತೋಳು, ತೊಡೆಯಲ್ಲಿ ಚರ್ಮ ಜೋತು ಬೀಳುತ್ತದೆ. ಮಡಿಕೆಗಳಲ್ಲಿ ಬೆವರು ನಿಂತು ಹುಣ್ಣಾಗುತ್ತದೆ, ಬಟ್ಟೆ ಸರಿ ಕೂರುವುದಿಲ್ಲ. ಕ್ರೀಮುಗಳಿಂದ ಇದು ಸರಿಹೋಗುವುದಿಲ್ಲ, ಯಾರು ಏನೇ ಮಾರಲಿ. ಆಪರೇಷನ್ ಇದೆ, ಉದ್ದನೆಯ ಗಾಯದ ಗುರುತು ಉಳಿಯುತ್ತದೆ, ಮತ್ತು ಬಹಳ ಕಡೆ ವಿಮೆಯವರು ಅದನ್ನು ಅಂದದ ಖರ್ಚು ಎಂದು ತಳ್ಳಿಹಾಕುತ್ತಾರೆ.

ಮನಸ್ಸು, ಮನೆ, ಮಂದಿ

ದೇಹ ಬದಲಾದಷ್ಟು ಬೇಗ ಮನಸ್ಸಿನೊಳಗಿನ ಚಿತ್ರ ಬದಲಾಗುವುದಿಲ್ಲ. ಅಂಗಡಿಯಲ್ಲಿ ಕೈ ಹಳೆಯ ಸೈಜಿಗೇ ಹೋಗುತ್ತದೆ. ಇಬ್ಬರ ನಡುವೆ ಸಲೀಸಾಗಿ ಹೋಗುವಷ್ಟು ಜಾಗವಿದ್ದರೂ ಪಕ್ಕಕ್ಕೆ ತಿರುಗಿ ನುಸುಳುತ್ತಾರೆ. ಇದು ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ವರ್ಷಗಟ್ಟಲೆ.

ಹೊಗಳಿಕೆಯೂ ಚುಚ್ಚಬಹುದು. "ಈಗ ಎಷ್ಟು ಚೆನ್ನಾಗಿದ್ದೀರಿ" ಎಂದರೆ, ಮುಂಚೆ ಇವರ ಕಣ್ಣಿಗೆ ಹೇಗಿದ್ದೆ ಎಂಬ ಪ್ರಶ್ನೆ ಹುಟ್ಟುತ್ತದೆ. ಮುಂಚೆ ಮುಖ ಕೊಟ್ಟು ಮಾತಾಡದ ಜನ ಈಗ ನಗುತ್ತಾರೆ. ಇದರಿಂದ ಖುಷಿಯಾಗುವ ಬದಲು ಸಿಟ್ಟು ಬಂದರೆ ಆಶ್ಚರ್ಯವಿಲ್ಲ. ಕಾಯಿಲೆಯಿಂದ ತೂಕ ಇಳಿದವರಿಗೂ ಇದೇ ಹೊಗಳಿಕೆ ಸಿಗುತ್ತದೆ ಎಂಬುದನ್ನು ಹೊಗಳುವವರು ನೆನಪಿಡಬೇಕು.

ಇಂಗ್ಲೆಂಡಿನಲ್ಲಿ ಹೆಚ್ಚು ತೂಕವಿದ್ದ 1,979 ಜನರನ್ನು 4 ವರ್ಷ ಗಮನಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. ಶೇಕಡಾ 5 ಅಥವಾ ಜಾಸ್ತಿ ತೂಕ ಇಳಿದವರ ರಕ್ತದೊತ್ತಡ ಸುಧಾರಿಸಿತ್ತು, ಆದರೆ ಮನಸ್ಸು ಕುಗ್ಗಿದೆ ಎಂದವರು ಅವರಲ್ಲೇ ಜಾಸ್ತಿ. ತೂಕ ಇಳಿದದ್ದೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಸಲಹೆ, ಬೆಂಬಲ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಮನಸ್ಥಿತಿ ಸುಧಾರಿಸಿದ್ದೂ ಇದೆ. ನನಗೆ ಕಾಣುವ ವ್ಯತ್ಯಾಸ ಒಂಟಿತನದ್ದು. ತೂಕ ಇಳಿದರೆ ಬದುಕೇ ಬದಲಾಗುತ್ತದೆ ಎಂದು ನಂಬಿಕೊಂಡು, ಹಸಿವಿನ ಜೊತೆ ಒಬ್ಬರೇ ಗುದ್ದಾಡಿ, ಕೊನೆಗೆ ಅದೇ ಕೆಲಸ, ಅದೇ ಸಾಲ, ಅದೇ ಜಗಳ ಉಳಿದಿರುವುದನ್ನು ನೋಡಿದರೆ ಮನಸ್ಸು ಕುಗ್ಗದೆ ಇನ್ನೇನು?

ಸಂಬಂಧಗಳೂ ಅಲುಗಾಡುತ್ತವೆ. ತೂಕ ಇಳಿಸುವ ಆಪರೇಷನ್ ಆದವರ ಬಗ್ಗೆ 2018ರಲ್ಲಿ ಸ್ವೀಡನ್ನಿನಿಂದ ಬಂದ ಅಧ್ಯಯನದಲ್ಲಿ ಎರಡೂ ಕಂಡವು. ಒಂಟಿಯಾಗಿದ್ದವರು ಮದುವೆಯಾಗುವುದು, ಸಂಗಾತಿ ಸಿಗುವುದು ಜಾಸ್ತಿ. ಆಗಲೇ ಸಂಬಂಧದಲ್ಲಿದ್ದವರು ಬೇರೆಯಾಗುವುದೂ ಜಾಸ್ತಿ. ಇದನ್ನು ಬರೀ ಕೆಟ್ಟ ಸುದ್ದಿ ಎಂದು ಓದಬೇಕಿಲ್ಲ. ಸಹಿಸಿಕೊಂಡು ಕೂತಿದ್ದವರು ಧೈರ್ಯ ಮಾಡಿ ಹೊರಬಂದಿರಲೂಬಹುದು.

ಇದೇ ಆಪರೇಷನ್ನಿನ ಇನ್ನೊಂದು ಅಡ್ಡಪರಿಣಾಮ ಕುಡಿತ. ಕರುಳಿನ ದಾರಿ ಬದಲಾದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಬೇಗ ತಲೆಗೇರುತ್ತದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಡಿತದ ಸಮಸ್ಯೆ ಇದ್ದವರು ಆಪರೇಷನ್‌ಗೆ ಮುಂಚೆ ಶೇಕಡಾ 7.6 ಇದ್ದರು. ಮೊದಲ ವರ್ಷ ಬದಲಾವಣೆ ಇಲ್ಲ. ಎರಡನೇ ವರ್ಷಕ್ಕೆ 9.6 ಆಯಿತು. ಎಲ್ಲ ಚೆನ್ನಾಗಿದೆ ಎಂದು ತಪಾಸಣೆಗೆ ಹೋಗುವುದನ್ನು ಜನ ಬಿಡುವ ಹೊತ್ತಿಗೇ ಇದು ಕಾಣಿಸಿಕೊಳ್ಳುತ್ತದೆ.

ಇಂಜೆಕ್ಷನ್ ನಿಲ್ಲಿಸಿದರೆ?

ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಔಷಧಗಳು ಹಸಿವಿನ ಮೇಲೇ ಕೈಯಿಡುತ್ತವೆ. ಅದಕ್ಕೇ ಇವು ಕೆಲಸ ಮಾಡುತ್ತವೆ. ದೊಡ್ಡ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇಕಡಾ 15ರ ಹತ್ತಿರ ತೂಕ ಇಳಿಯಿತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮರಳಿತು. ಬಿಪಿ, ಸಕ್ಕರೆಯಲ್ಲಿ ಆಗಿದ್ದ ಲಾಭವೂ ಬಹುಮಟ್ಟಿಗೆ ಹೋಯಿತು.

ಇದನ್ನು ಔಷಧದ ಸೋಲು ಎಂದು ಬೈಯುವವರಿದ್ದಾರೆ. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ, ಅದನ್ನು ಯಾರೂ ಮಾತ್ರೆಯ ಸೋಲು ಎನ್ನುವುದಿಲ್ಲ. ಆದರೆ "ಆರು ತಿಂಗಳು ತಗೊಂಡು ಬಿಟ್ಟುಬಿಡಿ" ಎಂದು ಹೇಳಿ ಶುರು ಮಾಡಿಸುವುದು ಸರಿಯಲ್ಲ. ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗಬಹುದು, ಖರ್ಚು ಇಷ್ಟು, ನಿಲ್ಲಿಸಿದರೆ ಹೀಗಾಗುತ್ತದೆ ಎಂದು ಮೊದಲೇ ಹೇಳಬೇಕು. ಆಪರೇಷನ್ ಆದವರಿಗೂ ಬಿ12, ಕಬ್ಬಿಣ, ವಿಟಮಿನ್ ಡಿ ಮಾತ್ರೆ ಮತ್ತು ರಕ್ತಪರೀಕ್ಷೆ ಜೀವನವಿಡೀ ತಪ್ಪುವುದಿಲ್ಲ.

ಹಾಗಾದರೆ ತೂಕ ಉಳಿಸಿಕೊಂಡವರೇ ಇಲ್ಲವಾ? ಇದ್ದಾರೆ. ಅಮೆರಿಕದಲ್ಲಿ ಟೈಪ್ 2 ಮಧುಮೇಹ ಇದ್ದ 5,145 ಜನರ ಒಂದು ದೊಡ್ಡ ಪ್ರಯೋಗ ನಡೆಯಿತು. ಊಟ, ವ್ಯಾಯಾಮ, ನಿರಂತರ ಸಲಹೆ ಸಿಕ್ಕ ಗುಂಪಿನಲ್ಲಿ 8 ವರ್ಷದ ಮೇಲೂ ಅರ್ಧದಷ್ಟು ಜನ ಕನಿಷ್ಠ ಶೇಕಡಾ 5ರ ಇಳಿಕೆ ಉಳಿಸಿಕೊಂಡಿದ್ದರು. ಗಮನಿಸಿ, ಸಲಹೆ ಮೊದಲ ವರ್ಷಕ್ಕೇ ಮುಗಿದಿರಲಿಲ್ಲ, ನಡೆಯುತ್ತಲೇ ಇತ್ತು.

ಅಮೆರಿಕದ ಸಂಶೋಧಕರಾದ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಶುರು ಮಾಡಿದ ಒಂದು ನೋಂದಣಿ ಪಟ್ಟಿಯೂ ಇದೆ. ಕನಿಷ್ಠ 13.6 ಕಿಲೊ ಇಳಿಸಿ, ಕನಿಷ್ಠ ಒಂದು ವರ್ಷ ಉಳಿಸಿಕೊಂಡವರಿಗೆ ಅದರಲ್ಲಿ ಜಾಗ. ಅವರು ಇಳಿಸಿದ ದಾರಿಗಳು ನೂರೆಂಟು. ಉಳಿಸಿಕೊಳ್ಳುವ ದಾರಿಗಳು ಮಾತ್ರ ಒಂದಕ್ಕೊಂದು ಹೋಲುತ್ತವೆ. ದಿನಕ್ಕೆ ಸುಮಾರು ಒಂದು ಗಂಟೆ ಮೈ ದಣಿಸುತ್ತಾರೆ. ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ರಜೆ ದಿನ ಒಂದು ರೀತಿಯ ಊಟ, ಕೆಲಸದ ದಿನ ಇನ್ನೊಂದು ರೀತಿಯ ಊಟ ಎಂದು ಮಾಡುವುದಿಲ್ಲ. ಒಂದೆರಡು ಕಿಲೊ ಏರಿದಾಗಲೇ ಎಚ್ಚೆತ್ತುಕೊಳ್ಳುತ್ತಾರೆ. ಟಿವಿ ಸ್ಪರ್ಧೆಯ ಆ 14 ಜನರಲ್ಲೂ ಇದೇ ಕಂಡಿತ್ತು: ತೂಕ ಹೆಚ್ಚು ಉಳಿಸಿಕೊಂಡವರು ಉಳಿದವರಿಗಿಂತ ಬಹಳ ಜಾಸ್ತಿ ಓಡಾಡುತ್ತಿದ್ದರು.

ಈ ಪಟ್ಟಿಯವರು ತಾವಾಗಿ ಮುಂದೆ ಬಂದು ಹೆಸರು ಕೊಟ್ಟವರು, ಹಾಗಾಗಿ ಎಲ್ಲರ ಅನುಭವ ಇವರದ್ದೇ ಎನ್ನಲಾಗದು. ಆದರೂ ಒಂದು ಸಂಗತಿ ಕೆಲಸಕ್ಕೆ ಬರುತ್ತದೆ. ಎರಡರಿಂದ ಐದು ವರ್ಷ ಹೇಗೋ ದಾಟಿಸಿದವರಲ್ಲಿ ಆಮೇಲೆ ತೂಕ ಮರಳುವ ಸಾಧ್ಯತೆ ಬಹಳ ಇಳಿಯುತ್ತದೆ. ಅಂದರೆ ಸಹಾಯ ಅತಿ ಹೆಚ್ಚು ಬೇಕಾಗುವುದು ಆ ವರ್ಷಗಳಲ್ಲೇ, ಎಲ್ಲರೂ ಹೊಗಳಿ ಮುಗಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದ ಮೇಲೆ. ಡಯಟ್ ಪ್ಲಾನ್ ಕೊಡುವವರ ಬಳಿ ಕೇಳಬೇಕಾದ ಪ್ರಶ್ನೆಯೂ ಅದೇ: ತೂಕ ಇಳಿದ ಎರಡನೇ ವರ್ಷದಲ್ಲಿ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ, ಎಷ್ಟು ದಿನಕ್ಕೊಮ್ಮೆ?